ವಿಮಾನ ಕೊಳ್ಳುವ ಮುನ್ನ ನೆಲ ನೋಡಿ

ಮಕ್ಕಳಿಗೆ ಆಟಿಕೆ ವಿಮಾನ ಕೊಡಿಸುವಾಗ ಹಿರಿಯರು ಮೊದಲು ಕೇಳುವುದು ಬೆಲೆ. ಆಮೇಲೆ ಅದು ಎಷ್ಟು ಎತ್ತರ ಹೋಗುತ್ತದೆ, ಎಷ್ಟು ಹೊತ್ತು ಹಾರುತ್ತದೆ ಎಂದು ವಿಚಾರಿಸುತ್ತಾರೆ. ಮಗುವಿನ ವಯಸ್ಸಿಗೆ ಇದು ತಕ್ಕದ್ದೇ, ಇದನ್ನು ಎಲ್ಲಿ ಹಾರಿಸುವುದು, ಹಾರಿಸುವಾಗ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಗಳು ಅಂಗಡಿಯ ಮುಂದೆ ಏಳುವುದು ಅಪರೂಪ. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ಹಿಡಿದು ಹಳ್ಳಿಯ ಸಣ್ಣ ಜಾತ್ರೆಯವರೆಗೆ ಆಟಿಕೆ ಅಂಗಡಿ ಇಲ್ಲದ ಜಾತ್ರೆಯಿಲ್ಲ. ಜಾತ್ರೆ ಮುಗಿದರೂ ಮೊಬೈಲಿನಲ್ಲಿ ಆರ್ಡರ್ ಮಾಡಿದ ಪೆಟ್ಟಿಗೆ ತಿಕೋಟಾಕ್ಕೂ ಬರುತ್ತದೆ, ಬಬಲೇಶ್ವರಕ್ಕೂ ಬರುತ್ತದೆ. ಫೋಮಿನ ಗ್ಲೈಡರ್, ಪಿಸ್ತೂಲಿನಿಂದ ಚಿಮ್ಮುವ ವಿಮಾನ, ರಿಮೋಟಿನ ಹೆಲಿಕಾಪ್ಟರ್, ಅಂಗೈಯಗಲದ ಡ್ರೋನ್ ಎಲ್ಲವೂ ಈಗ ಕೈಗೆಟುಕುವ ವಸ್ತುಗಳೇ. ಆಟಿಕೆ ವಿಮಾನದ ಸುರಕ್ಷತೆ ಅರ್ಧ ಪೆಟ್ಟಿಗೆಯೊಳಗಿದೆ, ಇನ್ನರ್ಧ ಅದನ್ನು ಹಾರಿಸುವ ನೆಲದಲ್ಲಿದೆ. ಮೊದಲರ್ಧಕ್ಕೆ ದೇಶದಲ್ಲಿ ಕಾನೂನು ಬಂದಿದೆ. ಎರಡನೆಯ ಅರ್ಧಕ್ಕೆ ಊರಿನವರೇ ಹೊಣೆ, ಮತ್ತು ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಅಲ್ಲಿಯೇ.

ಮಕ್ಕಳ ಕೈಯಿಂದ ವಿಮಾನ ಕಿತ್ತುಕೊಳ್ಳಬೇಕೆಂಬುದು ಈ ಮಾತಿನ ಉದ್ದೇಶವಲ್ಲ. ಹಾರುವ ಆಟಿಕೆಯಷ್ಟು ಕಲಿಸುವ ಆಟಿಕೆ ಬೇರೆ ಸಿಗುವುದು ಕಷ್ಟ. 1871ರಲ್ಲಿ ಫ್ರಾನ್ಸಿನ ಅಲ್ಫಾನ್ಸ್ ಪೆನೋ ರಬ್ಬರು ಸುತ್ತಿ ಹಾರಿಸುವ ಪುಟ್ಟ ವಿಮಾನವನ್ನು ಪ್ಯಾರಿಸ್ಸಿನ ತೋಟವೊಂದರಲ್ಲಿ ಹಾರಿಸಿ ತೋರಿಸಿದ. ಅವನದೇ ವಿನ್ಯಾಸದ ರಬ್ಬರಿನ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ತಂದೆಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಅದು ಮುರಿದಾಗ ಮಕ್ಕಳು ತಾವೇ ಇನ್ನೊಂದನ್ನು ಮಾಡಿಕೊಂಡರು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, ಕ್ರಮಿಸಿದ್ದು 120 ಅಡಿ. ನಮ್ಮ ಕಡೆಯ ಮಕ್ಕಳಿಗೂ ಆಕಾಶದ ಆಸೆಗೆ ಕಾರಣಗಳಿವೆ. 1963ರಿಂದ ಇಲ್ಲಿ ಸೈನಿಕ ಶಾಲೆ ಇದೆ. ವಾಯುಪಡೆ ಸೇರುವ ಕನಸು ಈ ಊರಿಗೆ ಹೊಸದಲ್ಲ. ಬುರಣಾಪುರ–ಮದಭಾವಿ ಬಳಿಯ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಂದಿನಿಂದ ವಿಮಾನದ ಮಾತು ಮನೆಮನೆಯಲ್ಲೂ ಇದೆ. ಈ ಆಸೆ ಬೆಳೆಯಬೇಕು. ಬೆಳೆಯಬೇಕಾದ್ದರಿಂದಲೇ ಅದು ಕಣ್ಣಿನ ಗಾಯದಲ್ಲೋ ಬಾವಿಯ ದುರಂತದಲ್ಲೋ ಮುಗಿಯದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಮೊದಲು ಪೆಟ್ಟಿಗೆಯನ್ನು ನೋಡೋಣ. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ದೆಹಲಿ ಭಾಗದ ಮಾರುಕಟ್ಟೆಯಿಂದ ಆಮದು ಆಟಿಕೆಗಳ ಮಾದರಿ ತಂದು ಪರೀಕ್ಷೆ ಮಾಡಿಸಿದಾಗ ಸುಮಾರು ಶೇ 67ರಷ್ಟು ಸುರಕ್ಷತಾ ಪರೀಕ್ಷೆಯಲ್ಲಿ ನಪಾಸಾದವು. ಅದರ ಬೆನ್ನಿಗೇ 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. 2021ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ, ಅದು ಇಲ್ಲಿ ತಯಾರಾದದ್ದಿರಲಿ ಹೊರದೇಶದ್ದಿರಲಿ, ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ ಇರಬೇಕು: ಸಾಮಾನ್ಯ ಆಟಿಕೆಗೆ ಐಎಸ್ 9873, ಬ್ಯಾಟರಿ ಅಥವಾ ವಿದ್ಯುತ್ ಬಳಸುವ ಆಟಿಕೆಗೆ ಐಎಸ್ 15644. ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯ ಮುಂದೆ ನಿಂತಲ್ಲೇ ತಿಳಿಯುತ್ತದೆ. ಬರೀ ಗುರುತು ಅಚ್ಚಾಗಿ ಸಂಖ್ಯೆ ಇಲ್ಲದಿದ್ದರೆ ಅದನ್ನು ನಂಬಬೇಕಿಲ್ಲ. ಚನ್ನಪಟ್ಟಣದ ಮರದ ವಿಮಾನದ ಮೇಲೆ ಈ ಗುರುತು ಕಾಣದಿದ್ದರೆ ಮಾತ್ರ ಅನುಮಾನ ಬೇಡ. ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಆದೇಶದಲ್ಲಿಯೇ ವಿನಾಯಿತಿ ಇದೆ.

ಗುರುತು ಇದ್ದರೂ ವಯಸ್ಸಿನ ಪ್ರಶ್ನೆ ಉಳಿಯುತ್ತದೆ. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಅದಕ್ಕೆಂದೇ ಮಾನಕದಲ್ಲಿ ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆಯ ಪರೀಕ್ಷೆ ಇದೆ. ಆ ಕೊಳವೆಯೊಳಗೆ ಪೂರ್ತಿ ಇಳಿಯುವ ತುಣುಕು ಪುಟ್ಟ ಮಗುವಿನ ಗಂಟಲಿಗೆ ಅಪಾಯಕಾರಿ ಎಂದು ಲೆಕ್ಕ. ಪ್ಲಾಸ್ಟಿಕ್ ವಿಮಾನದ ಚಕ್ರ, ಪಂಖ, ಪೈಲಟ್ ಬೊಂಬೆ ಇವೆಲ್ಲ ಸಾಮಾನ್ಯವಾಗಿ ಇದಕ್ಕಿಂತ ಸಣ್ಣವು. ಚಕ್ರವನ್ನು ಹಿಡಿದು ಎಳೆದಾಗ ಕಿತ್ತು ಬರುವುದಾದರೆ ಆ ವಿಮಾನ ಆ ವಯಸ್ಸಿನದಲ್ಲ. ಇದಕ್ಕಿಂತಲೂ ಭಯಪಡಬೇಕಾದ್ದು ಮಿಣಮಿಣ ದೀಪ ಮತ್ತು ಸದ್ದಿಗಾಗಿ ಹಾಕುವ ಗುಂಡಿ ಬ್ಯಾಟರಿಗೆ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಮಾಂಸದ ಮೂಲಕ ವಿದ್ಯುತ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ; ಎರಡು ಗಂಟೆಯೊಳಗೆ ತೀವ್ರ ಸುಟ್ಟಗಾಯವಾಗಬಹುದು. ಮಗು ಆಗ ಅಳದೆಯೂ ಇರಬಹುದು. ಸುಮ್ಮನೆ ಜೊಲ್ಲು ಸುರಿಸುತ್ತ ಊಟ ಬೇಡವೆಂದರೆ ನೆಗಡಿಯೋ ಹಲ್ಲು ಬರುವುದೋ ಇರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಗುಂಡಿ ಬ್ಯಾಟರಿ ಕಾಣೆಯಾಗಿದ್ದು ಅನುಮಾನ ಬಂದರೆ ವಾಂತಿ ಮಾಡಿಸುವ ಗೋಜಿಗೆ ಹೋಗದೆ, ಬೆಳಗಾಗಲಿ ಎಂದು ಕಾಯದೆ, ಮಗುವನ್ನು ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆತಂದು ‘ಬ್ಯಾಟರಿ ನುಂಗಿರಬಹುದು’ ಎಂದು ಮೊದಲು ಹೇಳಬೇಕು, ಎಕ್ಸ್‌ರೇ ತೆಗೆಸಬೇಕು. ಕೊಳ್ಳುವಾಗಲೇ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ತಿರುಗಿಸಿ ನೋಡುವುದು ಎಲ್ಲಕ್ಕಿಂತ ಸುಲಭದ ಎಚ್ಚರ. ಉಗುರಿನಿಂದ ಎಬ್ಬಿಸಿದರೆ ತೆರೆಯುವ ಮುಚ್ಚಳದ ವಿಮಾನ ಮನೆಗೆ ಬರಬಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ ಅಪಾಯ ಗಂಟಲಿನಿಂದ ಕಣ್ಣಿಗೆ ಬರುತ್ತದೆ. ಹಾರುವ ವಸ್ತುವಿನ ಹೊಡೆತ ಅದರ ತೂಕಕ್ಕಿಂತ ವೇಗವನ್ನು ಹೆಚ್ಚು ಅವಲಂಬಿಸಿದೆ. ತೂಕ ಎರಡು ಪಟ್ಟಾದರೆ ಹೊಡೆತದ ಶಕ್ತಿಯೂ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಕೈಯಿಂದ ಎಸೆಯುವ ಗ್ಲೈಡರ್‌ಗೂ ಸ್ಪ್ರಿಂಗಿನಿಂದಲೋ ರಬ್ಬರಿನಿಂದಲೋ ಚಿಮ್ಮುವ ವಿಮಾನಕ್ಕೂ ಇರುವ ವ್ಯತ್ಯಾಸ ಇದೇ. ಪಿಸ್ತೂಲಿನ ಆಕಾರದ ಚಿಮ್ಮುವ ಸಾಧನದಲ್ಲಿ ಇನ್ನೊಂದು ದೋಷವೂ ಇದೆ: ಅದನ್ನು ಕೈಗೆ ತೆಗೆದುಕೊಂಡ ಮಗು ಆಕಾಶಕ್ಕೆ ಹಿಡಿಯುವ ಮೊದಲು ಜೊತೆಯವರ ಕಡೆಗೆ ಹಿಡಿಯುತ್ತದೆ. ಆದ್ದರಿಂದ ಐದಾರು ವರ್ಷದವರೆಗೆ ಕಾಗದದ ವಿಮಾನ, ಆಮೇಲೆ ಮೂತಿ ಮೆತ್ತಗಿರುವ, ಕೈಯಿಂದ ಎಸೆಯುವ ಫೋಮಿನ ಗ್ಲೈಡರ್, ಎಂಟು ಹತ್ತರ ಹೊತ್ತಿಗೆ ಹಿರಿಯರ ಎದುರಿನಲ್ಲಿ ರಬ್ಬರು ಸುತ್ತಿ ಹಾರಿಸುವ ವಿಮಾನ, ಅದಕ್ಕೂ ಮೇಲೆ ರಿಮೋಟು ಎಂಬ ಕ್ರಮ ಸರಿಯಾದದ್ದು. ಕಾಗದದ ವಿಮಾನ ಎಂದರೆ ಬಡವರ ಪಾಲಿನ ಆಟ ಎಂದುಕೊಳ್ಳುವುದು ತಪ್ಪು. ಕಚೇರಿಯಲ್ಲಿ ಬಳಸುವ 80 ಜಿಎಸ್‌ಎಂನ ಎ4 ಹಾಳೆಯ ತೂಕ ಬರೀ ಐದು ಗ್ರಾಂ. 2022ರ ಡಿಸೆಂಬರಿನಲ್ಲಿ ಅಮೆರಿಕದ ಮೂವರು ಎಂಜಿನಿಯರುಗಳು ಒಂದು ಕಾಗದ ಮಡಚಿ ಎಸೆದದ್ದು 88 ಮೀಟರಿಗೂ ದೂರ ಹೋಗಿ ವಿಶ್ವದಾಖಲೆಯಾಯಿತು. ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಮಡಚಿದರೆ ಮೂತಿ ಏಳುತ್ತದೆ, ಕೆಳಕ್ಕೆ ಮಡಚಿದರೆ ಮುಗ್ಗರಿಸುತ್ತದೆ. ಇದನ್ನು ಮಗು ತಾನೇ ಮಾಡಿ ನೋಡಿದಾಗ ಕಲಿಯುವಷ್ಟನ್ನು ದುಬಾರಿ ರಿಮೋಟು ಕಲಿಸಲಾರದು.

ಮೋಟಾರಿನ ವಿಮಾನ ಬಂದಾಗ ಎರಡು ಹೊಸ ಅಪಾಯ ಸೇರುತ್ತವೆ. ಒಂದು, ತಿರುಗುವ ಪಂಖ: ಬೆರಳು ಕುಯ್ಯುತ್ತದೆ, ಬಿಚ್ಚಿದ ಉದ್ದ ಕೂದಲನ್ನು ಸುತ್ತಿಕೊಳ್ಳುತ್ತದೆ. ಇನ್ನೊಂದು, ಲಿಥಿಯಂ ಬ್ಯಾಟರಿ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ; ತಗಡಿನ ಮನೆಯೊಳಗೆ, ಮುಚ್ಚಿದ ಕಾರಿನೊಳಗೆ ಕಾವು ಅದಕ್ಕಿಂತ ಹೆಚ್ಚು. ಆ ಕಾವಿನಲ್ಲಿ ಇಟ್ಟ, ಬಿದ್ದು ಜಜ್ಜಿಹೋದ, ಹೊಟ್ಟೆ ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಆಟಿಕೆಯ ಜೊತೆಗೆ ಬಂದ ಚಾರ್ಜರನ್ನೇ ಬಳಸಬೇಕು. ಹಾಸಿಗೆ, ಸೋಫಾದ ಮೇಲಿಟ್ಟು ಚಾರ್ಜ್ ಮಾಡಬಾರದು. ರಾತ್ರಿ ಹಚ್ಚಿ ಮಲಗಬಾರದು. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಡ್ರೋನ್ ಆದರೆ 2021ರ ಡ್ರೋನ್ ನಿಯಮಗಳೂ ಅನ್ವಯಿಸುತ್ತವೆ. 250 ಗ್ರಾಂವರೆಗಿನ ನ್ಯಾನೋ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಆದರೆ ಎಲ್ಲಿ ಬೇಕಾದರೂ ಹಾರಿಸುವ ಹಕ್ಕು ಅದರಿಂದ ಬರುವುದಿಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾದಂತಹ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿ ಇಲ್ಲದೆ ಡ್ರೋನ್ ಎಬ್ಬಿಸುವಂತಿಲ್ಲ. ಚಾಲನೆಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ ಎಂಟು ಕಿಲೋಮೀಟರ್ ಒಳಗೆ ಅನುಮತಿ ಬೇಕೇ ಬೇಕು. ಬುರಣಾಪುರದ ನಿಲ್ದಾಣದ ಹತ್ತಿರದ ಹಳ್ಳಿಗಳ ಶಾಲೆಗಳು ಮಕ್ಕಳಿಗೆ ಇದನ್ನು ಈಗಲೇ ಹೇಳಿಕೊಡುವುದು ಒಳ್ಳೆಯದು.

ಇಷ್ಟೆಲ್ಲ ನೋಡಿ ತಂದ ಒಳ್ಳೆಯ ವಿಮಾನವೂ ತಪ್ಪು ನೆಲದಲ್ಲಿ ಹಾರಿದರೆ ಅಪಾಯವೇ. ಕಾರಣ ಸರಳ: ವಿಮಾನ ಮೇಲಿರುತ್ತದೆ, ಮಗುವಿನ ಕಣ್ಣೂ ಮೇಲಿರುತ್ತದೆ, ಓಡುವ ಕಾಲು ಮಾತ್ರ ನೆಲದ ಮೇಲಿರುತ್ತದೆ. ಗಂಟೆಗೆ 20 ಕಿಲೋಮೀಟರ್ ಬೀಸುವ ಗಾಳಿಯಲ್ಲಿ ಒಂದು ಗ್ಲೈಡರ್ ಐದು ಸೆಕೆಂಡು ಮೇಲಿದ್ದರೆ ಗಾಳಿಯೊಂದೇ ಅದನ್ನು 28 ಮೀಟರಿನಷ್ಟು ಆಚೆ ಒಯ್ಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ತಡೆಯುವ ಗುಡ್ಡವಿಲ್ಲ, ದಟ್ಟ ಮರಗಳಿಲ್ಲ. ಆಷಾಢದ ಗಾಳಿಯಂತೂ ಇದಕ್ಕಿಂತ ಜೋರು. ಮಗು ಆ 28 ಮೀಟರನ್ನೂ ತಲೆಯೆತ್ತಿಕೊಂಡೇ ಓಡುತ್ತದೆ. ಹಾಗಾಗಿ ಯಾವ ವಿಮಾನ ಎಂದು ನಿರ್ಧರಿಸುವ ಮೊದಲು ಆ ಓಟದ ದಾರಿಯಲ್ಲಿ ಏನಿದೆ ಎಂದು ನೋಡಬೇಕು.

ಊರೊಳಗೆ ಆ ದಾರಿ ಎಷ್ಟೋ ಸಲ ಮಾಳಿಗೆಯ ಮೇಲಿರುತ್ತದೆ. ಎತ್ತರದಿಂದ ಬಿಟ್ಟರೆ ದೂರ ಹೋಗುತ್ತದೆ ಎಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳ್ಳಿಯ ಮಣ್ಣಿನ ಮಾಳಿಗೆಗಳಿಗೆ ಅಂಚಿನ ಗೋಡೆ ಇರುವುದು ಕಡಿಮೆ, ನಡುವೆ ಬೆಳಕಿಂಡಿಗಳು ಬೇರೆ. ಪಟ್ಟಣದ ಆರ್‌ಸಿಸಿ ಮನೆಗಳಲ್ಲಿ ಗೋಡೆಯಿದ್ದರೂ ಮೊಣಕಾಲೆತ್ತರದ್ದೇ ಹೆಚ್ಚು, ಪಕ್ಕದಲ್ಲಿಯೇ ವಿದ್ಯುತ್ ತಂತಿ ಹಾದುಹೋಗುತ್ತದೆ. ತಂತಿಗೆ ಸಿಕ್ಕಿದ ವಿಮಾನವನ್ನು ಕೋಲಿನಿಂದಲೋ ಕಬ್ಬಿಣದ ಸಲಾಕೆಯಿಂದಲೋ ಬಿಡಿಸಲು ಹೋಗುವುದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಮಾಡುವ ತಪ್ಪು. ಹೈಟೆನ್ಷನ್ ತಂತಿಯ ಹತ್ತಿರ ಹೋದರೂ ಸಾಕು, ಆಘಾತವಾಗಲು ಮುಟ್ಟಲೇಬೇಕೆಂದಿಲ್ಲ. ಅಲ್ಲಿ ಸಿಕ್ಕಿದ ಆಟಿಕೆ ಹೋಯಿತೆಂದೇ ಬಿಡಬೇಕು. ತಂತಿ ಜೋತುಬಿದ್ದಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಬೇಕು. ಮಾಳಿಗೆಯಿಂದ ವಿಮಾನ ಹಾರಿಸಬಾರದು ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ಪಾಲಿಸಿದರೂ ದೊಡ್ಡ ಅಪಾಯವೊಂದು ತಪ್ಪುತ್ತದೆ.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹೊಲದ ನೆಲ ಇನ್ನೂ ಹುಷಾರಾಗಿ ನೋಡಬೇಕಾದದ್ದು. ಇದು ದ್ರಾಕ್ಷಿಯ ನಾಡು. ದ್ರಾಕ್ಷಿ ಪಡದ ಅಂಚಿಗೆ ಹೋಗಿ ನಿಂತರೆ ಸಾಲಿನ ಕೊನೆಯ ಕಂಬದ ತುದಿಯಿಂದ ನೆಲಕ್ಕೆ ಓರೆಯಾಗಿ ಬಿಗಿದ ತಂತಿ ಕಾಣುತ್ತದೆ. ಕಂಬ ಒಳಕ್ಕೆ ವಾಲದಿರಲೆಂದು ಎಳೆದು ಕಟ್ಟಿದ್ದು ಅದು. ತುಕ್ಕಿನ ಬಣ್ಣ, ಬೆರಳಿಗಿಂತ ತೆಳು, ಸಂಜೆಯ ಬೆಳಕಿನಲ್ಲಿ ಮಣ್ಣಿನ ಬಣ್ಣದಲ್ಲಿ ಕರಗಿಹೋಗುತ್ತದೆ. ಓಡಿಬರುವ ಮಗುವಿನ ಕುತ್ತಿಗೆಗೋ ಮುಖಕ್ಕೋ ಅದು ಸರಿಯಾಗಿ ತಾಗುವ ಎತ್ತರದಲ್ಲಿರುತ್ತದೆ. ಪಡದ ಪಕ್ಕದಲ್ಲಿಯೇ ಕೃಷಿ ಹೊಂಡ. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ನೀರಿನ ಮೇಲೆ ತೇಲುತ್ತಿರುವ ವಿಮಾನಕ್ಕೆ ಮಗು ದಡದಿಂದ ಕೈಚಾಚಿದರೆ ಮುಂದಿನದನ್ನು ಹೇಳಬೇಕಿಲ್ಲ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಬರಡು ನೆಲಕ್ಕೆ ನೀರು ಬಂದದ್ದು ಈ ಭಾಗದ ಭಾಗ್ಯ. ಆದರೆ ನೀರು ಕಾಣದ ಊರಿನ ಮಕ್ಕಳಿಗೆ ಈಜು ಬಾರದು, ತುಂಬಿದ ಕಾಲುವೆಯ ಭಯವೂ ತಿಳಿಯದು. ಇನ್ನು ಕೊಳವೆಬಾವಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಹೊರತೆಗೆದದ್ದನ್ನು ಇಡೀ ನಾಡು ಉಸಿರು ಬಿಗಿಹಿಡಿದು ನೋಡಿತು. ಅಲ್ಲಿ ಆಟಿಕೆ ವಿಮಾನ ಇರಲಿಲ್ಲ, ನಿಜ. ಕಾಲ ಕೆಳಗೆ ನೋಡಿಕೊಂಡು ನಡೆಯಲಾರದ ಮಗುವಿಗೆ ನಮ್ಮ ಹೊಲಗಳು ಎಂಥವು ಎಂಬುದನ್ನು ಮಾತ್ರ ಆ ಘಟನೆ ತೋರಿಸಿಕೊಟ್ಟಿತು. ಬಳಸದ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ.

ಇಲ್ಲಿ ಕೆಲವರು ಹೇಳುವ ಮಾತಿದೆ: ನಾವೂ ಹೊಲದಲ್ಲಿ, ಮಾಳಿಗೆಯ ಮೇಲೆ ಆಡಿಯೇ ಬೆಳೆದವರು, ನಮಗೇನಾಯಿತು? ಹಾಗೆ ಕೇಳಲು ಉಳಿದಿರುವವರು ಏನೂ ಆಗದವರು. ಏನಾದರೂ ಆದವರ ಮಾತು ಈ ಚರ್ಚೆಗೆ ಬರುವುದೇ ಇಲ್ಲ. ನೆಲವೂ ಮೊದಲಿನದಲ್ಲ. ಅಂದಿನ ಹೊಲದಲ್ಲಿ ಜೋಳವಿತ್ತು, ಬಿದ್ದರೆ ಮೊಣಕಾಲು ತರಚುತ್ತಿತ್ತು. ಇಂದು ಅದೇ ಹೊಲದಲ್ಲಿ ತಂತಿ, ಹೊಂಡ, ಕೊಳವೆಬಾವಿ, ಪಂಪಿನ ಕೇಬಲ್ ಎಲ್ಲವೂ ಇವೆ. ಆಟಿಕೆಯೂ ಮೊದಲಿನದಲ್ಲ. ಅಂದಿನ ವಿಮಾನ ನೋಟ್‌ಬುಕ್ಕಿನ ಹಾಳೆ. ಇಂದಿನದರಲ್ಲಿ ಸ್ಪ್ರಿಂಗು, ಮೋಟಾರು, ಲಿಥಿಯಂ ಇವೆ. ಹಳೆಯ ಅನುಭವ ಹಳೆಯ ಆಟಕ್ಕೆ ಸರಿ.

ಎರಡನೆಯ ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಐಎಸ್‌ಐ ಆಟಿಕೆ ದುಬಾರಿ. ಕೂಲಿಗೆ ಹೋಗುವ ತಾಯಿ ಜಾತ್ರೆಯಲ್ಲಿ ಮಗುವಿನ ಆಸೆ ತೀರಿಸಲು ಅಗ್ಗದ್ದನ್ನೇ ಕೊಂಡರೆ ತಪ್ಪೇನು? ದ್ರಾಕ್ಷಿಯ ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವವರಿಗೆ ಮಗುವಿನ ಹಿಂದೆ ನಿಲ್ಲಲು ಹೊತ್ತೆಲ್ಲಿ? ಈ ಕಷ್ಟ ನಿಜ, ಅದಕ್ಕಾಗಿ ತಾಯಿಯನ್ನು ದೂರುವುದು ಅನ್ಯಾಯ. ಆದರೆ ದುಬಾರಿ ವಿಮಾನ ಕೊಳ್ಳಿರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಎಲ್ಲಕ್ಕಿಂತ ಸುರಕ್ಷಿತವಾದ ವಿಮಾನ ಎಲ್ಲಕ್ಕಿಂತ ಅಗ್ಗದ್ದೇ. ಅದಕ್ಕೆ ಐದು ಗ್ರಾಂ ಕಾಗದ ಸಾಕು. ಮಕ್ಕಳಿಗೆ ಆಟಿಕೆಯಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರು ದಶಕಗಳಿಂದ ಬಿಸಾಡುವ ವಸ್ತುಗಳಿಂದ ಹಾರುವ, ತಿರುಗುವ ಆಟಿಕೆ ಮಾಡಿ ತೋರಿಸುತ್ತ ಬಂದಿದ್ದಾರೆ. ಅವರ ವಿಡಿಯೊಗಳು ಪುಕ್ಕಟೆ ಸಿಗುತ್ತವೆ. ಪಕ್ಕದಲ್ಲಿ ನಿಲ್ಲುವ ಹೊತ್ತು ಒಬ್ಬೊಬ್ಬ ತಾಯಿಗೆ ಇಲ್ಲದಿದ್ದರೆ ಆ ಕೆಲಸವನ್ನು ಊರು ಹಂಚಿಕೊಳ್ಳಬೇಕು. ಸುರಕ್ಷಿತ ಆಟ ಬಡವರ ಮಕ್ಕಳಿಗೂ ಸಿಗುವಂತಾಗುವುದು ಆಗಲೇ.

ಮೂರನೆಯವರು ಕೇಳುವುದು ಹೀಗೆ: ಎಲ್ಲದಕ್ಕೂ ಹೆದರಿಸಿದರೆ ಮಕ್ಕಳು ಪುಕ್ಕಲರಾಗುವುದಿಲ್ಲವೇ, ಮೊಬೈಲ್ ಹಿಡಿದು ಮೂಲೆ ಸೇರುವುದಿಲ್ಲವೇ? ಸರಿಯಾದ ಆತಂಕ. ಬಿದ್ದು ಎದ್ದು ಕಲಿಯುವುದನ್ನು ತಡೆಯಲೇಬಾರದು. ತರಚಿದ ಮೊಣಕಾಲು ಒಂದು ವಾರದಲ್ಲಿ ಮಾಯುತ್ತದೆ, ಅದರಿಂದ ಮಗು ಕಲಿಯುತ್ತದೆ. ಹೋದ ಕಣ್ಣು ಮರಳಿ ಬಾರದು, ಅದು ಏನನ್ನೂ ಕಲಿಸುವುದಿಲ್ಲ. ಸಣ್ಣ ಗಾಯಕ್ಕೆ ಅವಕಾಶ ಕೊಟ್ಟು ಸರಿಪಡಿಸಲಾಗದ ಗಾಯವನ್ನು ತಡೆಯುವುದೇ ಇಲ್ಲಿ ಕೇಳುತ್ತಿರುವುದು. ಬಯಲು ಸರಿಯಿದ್ದರೆ ಹಿರಿಯರು ‘ಓಡಬೇಡ’ ಎಂದು ಕೂಗುವ ಪ್ರಮೇಯವೇ ಬರುವುದಿಲ್ಲ. ಮಗು ಮನಸಾರೆ ಓಡಬಹುದು. ಗಾಳಿ ಯಾವ ಕಡೆ ಎಂದು ಹಿಡಿ ಮಣ್ಣು ತೂರಿ ನೋಡುವುದು, ಎಸೆಯುವ ಮುನ್ನ ‘ಬಿಡ್ತೀನಿ’ ಎಂದು ಕೂಗುವುದು, ಎಸೆಯುವವರ ಮುಂದೆ ಯಾರೂ ನಿಲ್ಲದಿರುವುದು, ಎಲ್ಲರೂ ಎಸೆದ ಮೇಲೆ ಒಟ್ಟಿಗೆ ಹೆಕ್ಕಲು ಹೋಗುವುದು: ಈ ನಾಲ್ಕು ರೂಢಿಗಳು ಮಕ್ಕಳನ್ನು ಹೆದರಿಸುವುದಿಲ್ಲ, ಹಾರಾಟವನ್ನು ಬಲ್ಲವರನ್ನಾಗಿ ಮಾಡುತ್ತವೆ.

ಹಾಗಾದರೆ ಆಗಬೇಕಾದ್ದೇನು? ಹೆಚ್ಚಿನ ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಇದೆ, ಬಹುಪಾಲು ಶಾಲೆಗಳಿಗೆ ಅಂಗಳವಿದೆ. ಭಾನುವಾರ ಬೆಳಗ್ಗೆ, ಗಾಳಿ ಎದ್ದು ಬಿಸಿಲೇರುವ ಮುನ್ನ, ಒಂದೆರಡು ತಾಸು ಆ ಅಂಗಳವನ್ನು ವಿಮಾನದ ಆಟಕ್ಕೆ ತೆರೆದಿಡಲು ಶಾಲಾಭಿವೃದ್ಧಿ ಸಮಿತಿಗಳಾದ ಎಸ್‌ಡಿಎಂಸಿಗಳು ಮನಸ್ಸು ಮಾಡಿದರೆ ಸಾಕು, ಖರ್ಚಿಲ್ಲ. ಸರದಿಯಂತೆ ಇಬ್ಬರು ಹಿರಿಯರು ಅಲ್ಲಿದ್ದರೆ ಹತ್ತಾರು ಮನೆಗಳ ಚಿಂತೆ ಕಳೆಯುತ್ತದೆ. ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ತೆರೆದ ಕೊಳವೆಬಾವಿಗಳನ್ನು ಹುಡುಕಿ ಮುಚ್ಚಿಸಬೇಕು. ಕೃಷಿ ಹೊಂಡಕ್ಕೆ ತಂತಿಬೇಲಿ ಹಾಕದ ರೈತರನ್ನು ಬೇಲಿಗೆ ಒಪ್ಪಿಸಬೇಕು, ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಇಳಿಬಿಡಲು ಹೇಳಬೇಕು. ದ್ರಾಕ್ಷಿ ಬೆಳೆಗಾರರು ಅಂಚಿನ ಓರೆ ತಂತಿಗಳಿಗೆ ಹರಿದ ಸೀರೆಯ ತುಂಡನ್ನೋ ಬಿಳಿ ಚೀಲವನ್ನೋ ಕಟ್ಟಿದರೆ ಅದು ದೂರದಿಂದಲೇ ಕಾಣುತ್ತದೆ. ಜಾತ್ರಾ ಸಮಿತಿಗಳು ಅಂಗಡಿ ಜಾಗ ಹಂಚುವಾಗ ಆಟಿಕೆ ಮಾರುವವರಿಗೆ ಐಎಸ್‌ಐ ಗುರುತಿನ ಷರತ್ತು ಹಾಕಲಿ. ಸಿದ್ಧೇಶ್ವರ ಜಾತ್ರೆ ಮಾದರಿ ಹಾಕಿಕೊಟ್ಟರೆ ಜಿಲ್ಲೆಯ ಉಳಿದ ಜಾತ್ರೆಗಳು ಹಿಂಬಾಲಿಸುತ್ತವೆ. ವಿನಾಯಿತಿ ಇಲ್ಲದ ಆಟಿಕೆಯನ್ನು ಗುರುತಿಲ್ಲದೆ ಮಾರುವುದು ಈಗಾಗಲೇ ಕಾನೂನುಬಾಹಿರ, ಆದ್ದರಿಂದ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮನೆಯ ಮಟ್ಟಿಗೆ, ಮುಂದಿನ ಸಲ ಮಗು ವಿಮಾನ ಬೇಕೆಂದು ಹಟ ಹಿಡಿದಾಗ ಬೇಡವೆನ್ನಬೇಡಿ, ತಕ್ಷಣ ಕೊಂಡೂ ಬಿಡಬೇಡಿ. ಮಗುವಿನ ಕೈಹಿಡಿದು ಹಾರಿಸುವ ಜಾಗಕ್ಕೆ ಮೊದಲು ಹೋಗಿ, ಒಂದು ಸುತ್ತು ಹಾಕಿ, ಬಾವಿ, ಹೊಂಡ, ತಂತಿ, ರಸ್ತೆ ಯಾವುದೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆ ಜಾಗ ಸಿಕ್ಕ ಮೇಲೆ ಅಂಗಡಿಗೆ ಹೋಗಿ.